ಕೇಬಲ್ ಥ್ರಾಟಲ್ ಬೈಕಿಗೂ ಕ್ರೂಸ್ ಕಂಟ್ರೋಲ್ ಸಾಧ್ಯ: ಒಂದು ಸ್ಪಷ್ಟನೆ

"ಕೇಬಲ್ ಥ್ರಾಟಲ್ ಇರುವ ಹಳೆಯ ಟೂರಿಂಗ್ ಬೈಕಿಗೆ ಕ್ರೂಸ್ ಕಂಟ್ರೋಲ್ ಕೂರಿಸಲಾಗದು, ಥ್ರಾಟಲ್ ಲಾಕ್ ಹಾಕಿಕೊಂಡರೆ ಅದೇ ಕೆಲಸವಾಗುತ್ತದೆ" ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು. ಎರಡನೆಯದು ಅಪಾಯಕಾರಿ ಕೂಡ. ಕ್ರೂಸ್ ಕಂಟ್ರೋಲ್ ಎಂದರೆ ಹಿಡಿಕೆ ತಿರುಗಿಸದೆಯೇ ಬೈಕಿನ ವೇಗವನ್ನು ಒಂದೇ ಮಟ್ಟದಲ್ಲಿ ಕಾಯುವ ವ್ಯವಸ್ಥೆ; ಕೇಬಲ್ ಥ್ರಾಟಲ್ ಎಂದರೆ ವೇಗದ ಹಿಡಿಕೆಯನ್ನು ಎಂಜಿನ್ನಿಗೆ ಎಳೆತಂತಿಯಿಂದ ಜೋಡಿಸಿರುವುದು.

1988ರ ಹೋಂಡಾ ಗೋಲ್ಡ್‌ವಿಂಗ್ ಜಿಎಲ್1500 ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ, ಕೇಬಲ್ ಥ್ರಾಟಲ್‌ನ ಬೈಕು. ಆದರೂ ಕ್ರೂಸ್ ಕಂಟ್ರೋಲ್ ಕಾರ್ಖಾನೆಯಿಂದಲೇ ಬಂದಿತ್ತು. ಹೊರಗಿನಿಂದ ಜೋಡಿಸುವ ಕಿಟ್‌ಗಳಲ್ಲಿ ಎಂಜಿನ್ನಿನ ನಿರ್ವಾತ ಅಥವಾ ಪುಟ್ಟ ಮೋಟಾರು ಕೇಬಲನ್ನು ಎಳೆಯುತ್ತದೆ, ನಿಯಂತ್ರಕವು ವೇಗ ನೋಡಿ ತಿದ್ದುತ್ತದೆ. ಥ್ರಾಟಲ್ ಲಾಕ್ ಹಿಡಿಕೆಯನ್ನು ಇದ್ದಲ್ಲೇ ಬಿಗಿಹಿಡಿಯುತ್ತದೆ, ಅಷ್ಟೇ. ಏರಿನಲ್ಲಿ ವೇಗ ಕುಸಿಯುತ್ತದೆ, ಇಳಿಜಾರಿನಲ್ಲಿ ಹೆಚ್ಚುತ್ತದೆ. ಬ್ರೇಕ್ ಒತ್ತಿದರೂ ಅದು ತಾನಾಗಿ ಸಡಿಲವಾಗುವುದಿಲ್ಲ.

ಕಿಟ್ ಕೂರಿಸುವವರು ಬ್ರೇಕ್ ದೀಪವನ್ನು ದಯವಿಟ್ಟು ಗಮನಿಸಬೇಕು. ಕೆಲವು ನಿರ್ವಾತ ಕಿಟ್‌ಗಳು ಆ ಬಲ್ಬಿನ ತಂತುವಿನ ಮೂಲಕವೇ ಅರ್ತ್ (ವಿದ್ಯುತ್ ಮರಳುವ ದಾರಿ) ಪಡೆಯುತ್ತವೆ. ಬಲ್ಬ್ ತೆಗೆದು ಎಲ್‌ಇಡಿ ಹಾಕಿದ್ದರೆ ಅರ್ತ್ ಸಿಗದೆ ಕ್ರೂಸ್ ಸೆಟ್ ಆಗುವುದೇ ಇಲ್ಲ. ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಸೇರಿಸಿದರೆ ಸರಿಹೋಗುತ್ತದೆ; ಇಷ್ಟಕ್ಕೇ ಕಿಟ್ ಕೆಟ್ಟಿದೆಯೆಂದು ಬಿಚ್ಚಿಡುವುದನ್ನು ಕಂಡರೆ ಸಂಕಟವಾಗುತ್ತದೆ.

ಕ್ಲಚ್ ಸ್ವಿಚ್ಚಿನ ಸಂಪರ್ಕವನ್ನೂ ಬಿಡಬೇಡಿ, ಇಲ್ಲವಾದರೆ ಕ್ಲಚ್ ಹಿಡಿದರೂ ಕ್ರೂಸ್ ಥ್ರಾಟಲನ್ನು ಬಿಡದೆ ಎಂಜಿನ್ ಭೋರ್ಗರೆಯಬಹುದು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಥ್ರಾಟಲ್ ಟಪ್ಪೆಂದು ಹಿಂದಿರುಗುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ರಸ್ತೆಗಿಳಿಯಿರಿ.