ಸೂರ್ಯನಿಲ್ಲದ ಮೂರು ದಿನ

ಮನೆಗೆ ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಮಕ್ಕಳಿಗೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದ ಪಾಠ ಇತ್ತು. ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದ, ಆ ಒಂದೊಂದು ದಿನವೂ "ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು" ಅನ್ನುವ ಅಧ್ಯಾಯ ಅದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಣ್ಣಾ, ಸೂರ್ಯ ಬಂದಿದ್ದು ನಾಲ್ಕನೇ ದಿನ ಅಲ್ವಾ? ಹಾಗಾದ್ರೆ ಮೊದಲ ಮೂರು ದಿನ ಸಾಯಂಕಾಲ ಹೇಗಾಯ್ತು?"

ಎಷ್ಟು ಒಳ್ಳೆಯ ಪ್ರಶ್ನೆ! ಪಾಠ ಮಾಡುತ್ತಿದ್ದವರಿಂದ ಸಿಕ್ಕಿದ ಉತ್ತರ: "ದಿನ ಅಂದ್ರೆ 24 ಗಂಟೆ. ನಂಬೋದಾದ್ರೆ ಪೂರ್ತಿ ನಂಬು, ಇಲ್ಲಾಂದ್ರೆ ಬಿಡು." ಹುಡುಗಿ ತಲೆ ತಗ್ಗಿಸಿ ಕೂತಳು.

ಬಿಡು ಅಂತೆ! ನಾನು 20 ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದವಳು, ನಿಮಗೆ ಗೊತ್ತೇ ಇದೆ. ಆ ಹುಡುಗಿ ಕೇಳಿದ್ದನ್ನೇ ಮೂರನೇ ಶತಮಾನದಲ್ಲಿ ಒರಿಗೆನ್ ಅನ್ನುವ ಕ್ರೈಸ್ತ ಪಂಡಿತ ಕೇಳಿದ್ದ. ಈ ದಿನಗಳು ಎಂಥವು ಅಂತ ಊಹಿಸುವುದೇ ತುಂಬಾ ಕಷ್ಟ ಅಂದವನು ಅವನ ನಂತರ ಬಂದ ದೊಡ್ಡ ಕ್ರೈಸ್ತ ಚಿಂತಕ ಅಗಸ್ಟಿನ್. ದೇವರು ಎಲ್ಲವನ್ನೂ ಒಮ್ಮೆಗೇ ಉಂಟುಮಾಡಿದ ಅಂತ ಅವನು ತಿಳಿದಿದ್ದ. ಡಾರ್ವಿನ್ ಹುಟ್ಟುವುದಕ್ಕೆ ಸುಮಾರು 1400 ವರ್ಷ ಮೊದಲಿನ ಮಾತಿದು, ವಿಜ್ಞಾನಕ್ಕೆ ಹೆದರಿ ಹೇಳಿದ್ದಲ್ಲ.

ನಮ್ಮ ಕನ್ನಡ ಸತ್ಯವೇದದಲ್ಲಿ ಒಂದು ವಿಷಯ ಕಣ್ಣಿಗೆ ಬೀಳುವುದಿಲ್ಲ. ಆದಿಕಾಂಡ 1:5ರಲ್ಲಿ ಬೆಳಕಿಗೆ ಹಗಲು ಅಂತ ಹೆಸರಿಟ್ಟ, ಆಮೇಲೆ ಮೊದಲನೆಯ ದಿನವಾಯಿತು ಅಂತ ಓದುತ್ತೇವೆ. ಹಗಲು, ದಿನ ಎರಡಕ್ಕೂ ಮೂಲಭಾಷೆಯಾದ ಹೀಬ್ರೂವಿನಲ್ಲಿ ಇರುವುದು ಯೋಮ್ ಅನ್ನುವ ಒಂದೇ ಪದ. 2:4ರಲ್ಲಿ ದೇವರು ಭೂಮಿಯನ್ನೂ ಆಕಾಶವನ್ನೂ ಮಾಡಿದ ಇಡೀ ಕಾಲಕ್ಕೂ ಅದೇ ಯೋಮ್. ಒಂದು ಪದ, ಮೂರು ಅಳತೆ. ಇನ್ನು 90ನೇ ಕೀರ್ತನೆ ನೋಡಿ. ಸಾವಿರ ವರ್ಷ ದೇವರ ದೃಷ್ಟಿಯಲ್ಲಿ ಕಳೆದುಹೋದ ನಿನ್ನೆಯ ಹಾಗೆ ಅನ್ನುತ್ತದೆ. ಅದು ಯಾರ ಪ್ರಾರ್ಥನೆ? ಮೋಶೆಯದು. ಆದಿಕಾಂಡ ಬರೆದವನು ಅಂತ ನಾವು ಮಕ್ಕಳಿಗೆ ಹೇಳಿಕೊಡುವ ಅದೇ ಮೋಶೆ!

ದೇವರು ಆರು ದಿನ ಸೃಷ್ಟಿಸಿ ಏಳನೇ ದಿನ ವಿಶ್ರಮಿಸಿದ, ಅದಕ್ಕೇ ನಿಮಗೂ ಆರು ದಿನ ಕೆಲಸ, ಏಳನೇ ದಿನ ಸಬ್ಬತ್ ಅಂದರೆ ವಿಶ್ರಾಂತಿ ದಿನ ಅಂತ ಬೈಬಲಿನ ಎರಡನೇ ಪುಸ್ತಕ ವಿಮೋಚನಕಾಂಡ 20ರಲ್ಲಿ ಇದೆಯಲ್ಲ ಅಂತ ಕೇಳುತ್ತೀರಿ, ಗೊತ್ತು. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಕೂಡ ಮಾಮೂಲಿ ದಿನ ಅಂತಲೇ ನಂಬಿದ್ದ. ಹಾಗೆ ನಂಬುವವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಏಳನೇ ದಿನಕ್ಕೆ ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು ಅನ್ನುವ ಮಾತೇ ಆದಿಕಾಂಡದಲ್ಲಿ ಇಲ್ಲ. ಅದನ್ನೂ 24 ಗಂಟೆಗೆ ಮುಗಿಸಿಬಿಡುತ್ತೀರಾ? ನಮ್ಮ ವಾರಕ್ಕೆ ದೇವರ ಕೆಲಸ ಮಾದರಿ, ಸರಿ. ಅಷ್ಟಕ್ಕೇ ನಮ್ಮ ಗಡಿಯಾರ ದೇವರಿಗೂ ಅಳತೆಯಾಗುವುದಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನ ಮಗ ಸಣ್ಣವನಿದ್ದಾಗ ಡೈನೋಸಾರ್ ಪುಸ್ತಕ ಹಿಡಿದುಕೊಂಡು ಬಂದು, "ಅಮ್ಮಾ, ಇವು ಯಾವ ದಿನ ಬಂದ್ವು?" ಅಂತ ಕೇಳಿದ್ದ. ಅಡುಗೆಮನೆಯಲ್ಲಿದ್ದೆ. "ಸುಮ್ನೆ ನಂಬು, ಜಾಸ್ತಿ ಕೇಳಬಾರದು" ಅಂದುಬಿಟ್ಟೆ. ಈಗ ಅವನಿಗೆ 23. ದೇವರ ವಿಷಯ ನನ್ನ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದಾನೆ. ಇವತ್ತು ಆ ಹುಡುಗಿಯ ಮುಖದಲ್ಲಿ ಅವನೇ ಕಂಡ.

ಪಾಠ ಮಾಡಿದವರ ಹತ್ತಿರ ನಾಳೆ ಮಾತಾಡುತ್ತೇನೆ. ಬರುವ ಭಾನುವಾರ ಅವಳ ಪಕ್ಕದಲ್ಲೇ ಕೂರುತ್ತೇನೆ, 90ನೇ ಕೀರ್ತನೆ ತೆಗೆದಿಟ್ಟುಕೊಂಡು. ಅವಳು ಬಂದರೆ ಸಾಕು.