ನೆಚ್ಚಿನ ಚಿಂತಕರು ಅಂತ ಒಬ್ಬರು ಇರಲೇಬೇಕಾ?

ಪರ: ಒಬ್ಬರನ್ನು ಹಿಡಿದು ಪೂರ್ತಿ ಓದಿ
(ಹಾಸನದಿಂದ)

ಈಗ ಬದುಕಿರುವವರಲ್ಲಿ ನಿಮಗೆ ತುಂಬಾ ಇಷ್ಟದ ಚಿಂತಕರು ಯಾರು ಅಂತ ಯಾರನ್ನಾದರೂ ಕೇಳಿ ನೋಡಿ. ಮೊದಲು ಒಂದು ನಗು ಬರುತ್ತದೆ, ಯಾಕಂದರೆ ಬುದ್ಧಿಜೀವಿ ಅನ್ನೋದು ನಮ್ಮಲ್ಲಿ ಬೈಗುಳ ಆಗಿ ಸುಮಾರು ಕಾಲವಾಯಿತು. ಆಮೇಲೆ "ಒಬ್ಬರು ಅಂತ ಇಲ್ಲ, ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ತಗೊಳ್ತೀನಿ" ಅಂತಾರೆ. ಮದುವೆ ಊಟದಲ್ಲಿ ಹೀಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡವರ ಎಲೆ ನೋಡಿದ್ದೀರಲ್ಲ, ಅರ್ಧಕ್ಕರ್ಧ ಹಾಗೇ ಬಿಟ್ಟು ಎದ್ದಿರುತ್ತಾರೆ.

ನಾನು ಬಾನು ಮುಷ್ತಾಕ್ ಅಂತೀನಿ. "ಬೂಕರ್ ಬಂತಲ್ಲ, ಅದಕ್ಕೆ" ಅಂತ ತಕ್ಷಣ ಉತ್ತರ ಬರುತ್ತದೆ. ಹೌದು, ಸುಳ್ಳು ಯಾಕೆ ಹೇಳಲಿ, ನಮ್ಮೂರಿನವರೇ, ಇಲ್ಲೇ ವಕೀಲಿಕೆ ಮಾಡಿಕೊಂಡಿದ್ದವರು, ಆದರೂ ನಾನು ಅವರನ್ನು ಸರಿಯಾಗಿ ಓದಿದ್ದು 2025ರ ಮೇ ತಿಂಗಳಲ್ಲಿ ಆ ಪ್ರಶಸ್ತಿ ಬಂದ ಮೇಲೆ. ಅಂಗಡಿಗೆ ಹೋದರೆ ಪುಸ್ತಕ ಖಾಲಿ. ಪರಿಚಯದವರೊಬ್ಬರು ತಮ್ಮ ಹಳೇ ಪ್ರತಿ ಕೊಟ್ಟರು, ಬೆನ್ನು ಬಿಟ್ಟುಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದು. ಹಾಳೆ ಹೊರಗೆ ಬಂದರೆ ಪುಟದ ನಂಬರ್ ನೋಡಿ ಮತ್ತೆ ಒಳಗೆ ಸೇರಿಸಬೇಕು.

ಆ ಕಟ್ಟನ್ನು ಹಿಡಿದುಕೊಂಡು ನಾಲ್ಕೈದು ತಿಂಗಳು ಕೂತೆ. ಮೊದಲು ಎಲ್ಲದಕ್ಕೂ ತಲೆ ಆಡಿಸುತ್ತಿದ್ದೆ. ಎರಡನೇ ಸಲ ಓದುವಾಗ ಜಗಳ ಶುರುವಾಯಿತು. ಕೆಲವು ಕಡೆ ವಾದ ಜೋರಾಗಿ ಕಥೆ ಹಿಂದೆ ಬಿದ್ದಿದೆ ಅನ್ನಿಸಿತು, ಇನ್ನು ಕೆಲವು ಕಡೆ ನಾನು ಸುಮ್ನೆ ದಾಟಿಹೋಗಿದ್ದ ಒಂದು ಸಾಲು ಎದೆಗೆ ಚುಚ್ಚಿತು. ಹತ್ತು ಜನರ ಹತ್ತು ವಿಡಿಯೋ ನೋಡಿದ್ದರೆ ಈ ಜಗಳ ಆಗುತ್ತಲೇ ಇರಲಿಲ್ಲ. ಒಬ್ಬರ ಜೊತೆ ಬಾಳಿದಾಗ ತಾನೇ ಅವರ ಕೊಂಕು ಗೊತ್ತಾಗೋದು?

ಹಾಗಾದರೆ ಯಾರನ್ನು ಆರಿಸಿಕೊಳ್ಳಬೇಕು? ನನ್ನ ಅಳತೆ ಒಂದೇ. ತಮ್ಮವರ ಎದುರೇ ನಿಂತು, ಅವರಿಗೆ ಹಿಡಿಸದ ಮಾತನ್ನು ಹೇಳಿದ್ದಾರಾ? 2000ದಲ್ಲಿ ಹೆಂಗಸರಿಗೂ ಮಸೀದಿಯೊಳಗೆ ಪ್ರಾರ್ಥನೆಗೆ ಅವಕಾಶ ಬೇಕು ಅಂದಿದ್ದಕ್ಕೆ ಬಾನು ಅವರಿಗೂ ಮನೆಯವರಿಗೂ ಬಹಿಷ್ಕಾರ ಹಾಕಿದರು, ಬೆದರಿಕೆ ಕರೆಗಳು ಬಂದವು. ಅದೇ ಹೆಂಗಸು 2025ರಲ್ಲಿ ಮೈಸೂರು ದಸರಾ ಉದ್ಘಾಟಿಸಬಾರದು ಅಂತ ಬೇರೆ ಕಡೆಯವರು ಹೈಕೋರ್ಟಿಗೆ ಹೋದರು, ಅಲ್ಲಿ ಆಗಲಿಲ್ಲ ಅಂತ ಸುಪ್ರೀಂ ಕೋರ್ಟಿಗೂ ಹೋದರು. ಅಲ್ಲೂ ಆಗಲಿಲ್ಲ. ಎರಡೂ ಕಡೆಯಿಂದ ಬೈಸಿಕೊಂಡವರ ಮಾತನ್ನು ನಾನು ಕಿವಿಗೊಟ್ಟು ಕೇಳುತ್ತೇನೆ. ನಿಮಗೆ ಬೇರೆ ಯಾರಾದರೂ ಇದ್ದರೆ ಇರಲಿ. ಆದರೆ ಒಬ್ಬರ ಹೆಸರು ಹೇಳಿ, ಜಾರಿಕೊಳ್ಳಬೇಡಿ.

ವಿರೋಧ: ಹಿಡಿದುಕೊಂಡರೆ ಬಿಡೋದು ಕಷ್ಟ ಮಾರಾಯ
(ಚಿಕ್ಕಮಗಳೂರಿನಿಂದ)

ಗೆಳೆಯ ಒಬ್ಬರನ್ನು ಹಿಡಿದು ಎರಡೆರಡು ಸಲ ಓದಿದ್ದಾನೆ, ಒಪ್ಪಿದೆ. ಹಾಗೆ ಓದುವವರು ಊರಿಗೆಷ್ಟು ಜನ ಸಿಗುತ್ತಾರೆ? ನಮ್ಮ ಕಡೆ ಇದೇ ಪ್ರಶ್ನೆ ಕೇಳಿದರೆ ತೇಜಸ್ವಿ ಅಂತಾರೆ. ಬದುಕಿರುವವರನ್ನು ಹೇಳು ಅಂದರೂ ತೇಜಸ್ವಿ. ಅವರು ತೀರಿಕೊಂಡಿದ್ದು 2007ರಲ್ಲಿ. ಜೀಪಿನ ಹಿಂದೆ ಅವರ ಗಡ್ಡದ ಸ್ಟಿಕರ್ ಅಂಟಿಸಿದ್ದ ಹುಡುಗನೊಬ್ಬನಿಗೆ ಅವರದು ಯಾವ ಪುಸ್ತಕ ಇಷ್ಟ ಅಂತ ಕೇಳಿದೆ. "ಇನ್ನೂ ಓದಿಲ್ಲ ಸಾರ್, ಆದ್ರೆ ನಮ್ಮೋರು" ಅಂದ. ನಮ್ಮೋರು ಅನ್ನೋದೇ ಇಲ್ಲಿ ಸಮಸ್ಯೆ.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆ ಅಂದುಕೊಳ್ಳಬೇಡಿ. 2005ರಲ್ಲಿ ಬ್ರಿಟನ್ನಿನ ಪ್ರಾಸ್ಪೆಕ್ಟ್, ಅಮೆರಿಕದ ಫಾರಿನ್ ಪಾಲಿಸಿ ಪತ್ರಿಕೆಗಳು ಸೇರಿಕೊಂಡು ಜಗತ್ತಿನ ದೊಡ್ಡ ಚಿಂತಕರು ಯಾರು ಅಂತ ಓದುಗರ ಮತ ಕೇಳಿದವು. ಸುಮಾರು 20,000 ಮತ ಬಿತ್ತು, ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಮೊದಲು ಬಂದರು. 2008ರಲ್ಲಿ ಮತ್ತೆ ಕೇಳಿದಾಗ ಟರ್ಕಿಯ ಒಂದು ದೊಡ್ಡ ಪತ್ರಿಕೆ ಆ ಸುದ್ದಿಯನ್ನು ಮುಖಪುಟದಲ್ಲಿ ಹಾಕಿತು. ಅಲ್ಲಿನ ಧರ್ಮಗುರು ಫೆತುಲ್ಲಾ ಗುಲೆನ್ ಅವರ ಹಿಂಬಾಲಕರು ಮುಗಿಬಿದ್ದರು. ಒಟ್ಟು ಮತ 5 ಲಕ್ಷ ದಾಟಿತು. ಗುಲೆನ್ ಒಂದನೇ ಸ್ಥಾನಕ್ಕೆ ಬಂದರು, ಚಾಮ್‌ಸ್ಕಿ ಹನ್ನೊಂದಕ್ಕೆ ಇಳಿದರು. ಮೂರು ವರ್ಷದಲ್ಲಿ ಯಾರ ಯೋಚನೆ ಬೆಳೆಯಿತು, ಯಾರದು ಕುಗ್ಗಿತು? ಬೆಳೆದದ್ದು ಅಭಿಮಾನಿ ಬಳಗ ಅಷ್ಟೇ.

ದೂರದ ಮಾತು ಬಿಡಿ. 2025ರ ಸೆಪ್ಟೆಂಬರ್ 22ಕ್ಕೆ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು, 24ಕ್ಕೆ ಎಸ್. ಎಲ್. ಭೈರಪ್ಪ ತೀರಿಕೊಂಡರು. ಇಬ್ಬರೂ ಹಾಸನ ಜಿಲ್ಲೆಯವರು. ಭೈರಪ್ಪನವರು ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದವರು. ಆ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಆಗಿದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ. ಒಬ್ಬರಿಗೆ ಶುಭಾಶಯ ಹಾಕಿದವರು ಇನ್ನೊಬ್ಬರಿಗೆ ಓಂ ಶಾಂತಿ ಹಾಕಲಿಲ್ಲ, ಓಂ ಶಾಂತಿ ಹಾಕಿದವರು ಶುಭಾಶಯ ಹಾಕಿರಲಿಲ್ಲ. ಇಬ್ಬರಿಗೂ ಹಾಕಿದ ಒಬ್ಬ ಮೇಷ್ಟ್ರನ್ನು "ಸಾರ್, ನೀವು ಯಾವ ಕಡೆ?" ಅಂತ ಕೇಳಿದರು. ಅವರು ಗ್ರೂಪ್ ಬಿಟ್ಟರು. ಇಬ್ಬರದೂ ಎರಡೆರಡು ಪುಸ್ತಕ ಓದಿದ್ದವರು ಅಲ್ಲಿ ಅವರೊಬ್ಬರೇ ಇರಬೇಕು.

ಇನ್ನು ಗಾಡ್ಗೀಳ್ ವಿಷಯ. ಪಶ್ಚಿಮ ಘಟ್ಟವನ್ನು ಉಳಿಸೋದು ಹೇಗೆ ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಅದೇ ವಿಷಯಕ್ಕೆ 2013ರಲ್ಲಿ ಕಸ್ತೂರಿರಂಗನ್ ಸಮಿತಿಯದು ಬಂತು. ನಮ್ಮ ತೋಟದ ಸಾಲಿನಲ್ಲಿ ಅರ್ಧ ಜನಕ್ಕೆ ಗಾಡ್ಗೀಳ್ ಅಂದರೆ ಮನೆ ಬಿಡಿಸೋಕೆ ಬಂದವರು, ಪೇಟೆಯ ಪರಿಸರದ ಹುಡುಗರಿಗೆ ಅವರು ದೇವರು. ಯಾವುದನ್ನು ಎಲ್ಲಿ ಮಾಡಬೇಕು ಅನ್ನೋದನ್ನು ಗ್ರಾಮಸಭೆಗಳನ್ನು ಕೇಳಿಯೇ ತೀರ್ಮಾನಿಸಬೇಕು ಅಂತ ಆ ವರದಿಯಲ್ಲೇ ಇದೆ. ಬೈಯುವವರಿಗೂ ಗೊತ್ತಿಲ್ಲ, ಪೂಜೆ ಮಾಡುವವರಿಗೂ ಗೊತ್ತಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಕೂತು ಹೇಳಿದರೆ "ನೀನು ಅವರ ಕಡೆಯವನಾ?" ಅಂತ ನನ್ನನ್ನೇ ಅನುಮಾನದಿಂದ ನೋಡಿದರು. ಹೆಸರು ಮುಂದೆ ಬಂದು ನಿಂತರೆ ಅದರ ಹಿಂದಿನ ಪುಟ ಯಾರಿಗೂ ಕಾಣೋದಿಲ್ಲ.

ತಮ್ಮವರ ಎದುರು ನಿಂತವರು ಅನ್ನೋ ಗೆಳೆಯನ ಅಳತೆ ಚೆನ್ನಾಗಿದೆ. ಆದರೆ ಅದು ಧೈರ್ಯದ ಅಳತೆ. ಧೈರ್ಯ ಇರುವವರ ಮಾತೂ ಒಂದು ವಿಷಯದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪಾಗಬಹುದು ಅಲ್ವಾ? ನಮ್ಮಲ್ಲಿ ಆನೆ ತೋಟಕ್ಕೆ ಇಳಿದ ದಿನ ನಾನು ಯಾವ ಚಿಂತಕರನ್ನೂ ಕೇಳೋದಿಲ್ಲ, ಅದರ ಜಾಡು ಹಿಡಿದು ರಾತ್ರಿಯೆಲ್ಲ ತಿರುಗುವ ಅರಣ್ಯ ಇಲಾಖೆಯ ಹುಡುಗನನ್ನು ಕೇಳುತ್ತೇನೆ. ಅವನನ್ನು ಸಂವಿಧಾನದ ಬಗ್ಗೆ ಕೇಳೋದಿಲ್ಲ.

ಅಂದಹಾಗೆ ಗೆಳೆಯನ ರಬ್ಬರ್ ಬ್ಯಾಂಡಿನ ಪುಸ್ತಕ ಈಗ ನನ್ನ ಹತ್ತಿರ ಇದೆ. ಮೂರು ಕಥೆ ಆಯಿತು. ಎರಡು ತುಂಬಾ ಹಿಡಿಸಿದವು, ಒಂದು ಹಿಡಿಸಲಿಲ್ಲ. ಯಾಕೆ ಅಂತ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಪುಸ್ತಕ ಅವನದಲ್ಲ, ಮೂರನೆಯವರದು ಅಂತ ಆಮೇಲೆ ನೆನಪಾಯಿತು. ಭಾನುವಾರ ಬೇಲೂರಿನಲ್ಲಿ ಸಿಗುತ್ತೇವೆ, ಅಷ್ಟರೊಳಗೆ ಅಳಿಸೋಕೆ ಒಂದು ರಬ್ಬರ್ ತಗೊಳ್ಳಬೇಕು.