ಎಪ್ಪತ್ತಕ್ಕೆ ಮನೆಗೆ ಹೋಗು ಅಂದರೂ ಹೋಗದ ಕೋಚ್

ಅಮೆರಿಕದ ಕಾಲೇಜು ಕ್ರೀಡೆಯ ಮಾತು ಬಂದಾಗ ಆಮೋಸ್ ಅಲೋಂಜೊ ಸ್ಟ್ಯಾಗ್ ಹೆಸರಿನ ಜೊತೆ 314 ಅನ್ನೋ ಸಂಖ್ಯೆಯೂ ಬಂದೇ ಬರುತ್ತೆ. ಫುಟ್‌ಬಾಲ್ ಕೋಚ್ ಆಗಿ ಅವರು ಗೆದ್ದ ಪಂದ್ಯಗಳು. (ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡು ಕಂಕುಳಲ್ಲಿ ಇಟ್ಕೊಂಡು ಓಡೋ ಅಮೆರಿಕನ್ ಆಟ.) 1981ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಬೇರ್ ಬ್ರಯಂಟ್ 315ನೇ ಪಂದ್ಯ ಗೆದ್ದು ಆ ದಾಖಲೆ ಮುರಿದರು. ಮುರೀಲಿ ಬಿಡಿ, ನನಗೇನೂ ಬೇಜಾರಿಲ್ಲ. ನನ್ನ ಕುತೂಹಲ ಇರೋದು ಎಪ್ಪತ್ತು ತುಂಬಿದ ಮೇಲೆ ಈ ಮನುಷ್ಯ ಏನು ಮಾಡಿದರು ಅನ್ನೋದರಲ್ಲಿ.

ಹುಟ್ಟಿದ್ದು 1862ರಲ್ಲಿ. ಯೇಲ್ ವಿಶ್ವವಿದ್ಯಾಲಯಕ್ಕೆ ಹೋದದ್ದು ಪಾದ್ರಿಯಾಗೋಕೆ. ಅಲ್ಲಿ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯೋ ಪಿಚರ್ ಆಗಿ ಎಷ್ಟು ಹೆಸರಾಯಿತೆಂದರೆ ವೃತ್ತಿಪರ ತಂಡಗಳು ದುಡ್ಡು ಹಿಡಿದು ಬಂದವು. ಒಲ್ಲೆ ಅಂದರು. ಧರ್ಮಬೋಧನೆಯೂ ಒಗ್ಗಲಿಲ್ಲ, ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆ ಸೇರಿದರು. ಬಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅಲ್ಲಿ ಇವರ ಸಹೋದ್ಯೋಗಿ. 1892ರ ಮಾರ್ಚ್‌ನಲ್ಲಿ ಜನರ ಮುಂದೆ ನಡೆದ ಮೊದಲ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ವಿದ್ಯಾರ್ಥಿಗಳು ಮೇಷ್ಟ್ರುಗಳನ್ನು 5-1ರಿಂದ ಸೋಲಿಸಿದರು. ಆ ಒಂದೇ ಒಂದು ಪಾಯಿಂಟ್ ಸ್ಟ್ಯಾಗ್ ಅವರದ್ದು.

ಸ್ಪ್ರಿಂಗ್‌ಫೀಲ್ಡ್‌ಗೂ ನಮಗೂ ಒಂದು ನಂಟಿದೆ. ಹಳೇ ತಲೆಮಾರಿನ ಪಿ.ಟಿ. ಮೇಷ್ಟ್ರುಗಳಲ್ಲಿ ಮದ್ರಾಸಿನ ವೈಎಂಸಿಎ ಕಾಲೇಜಿನಲ್ಲಿ ಟ್ರೈನಿಂಗ್ ಮುಗಿಸಿ ಬಂದವರಿದ್ದರಲ್ಲ, 1920ರಲ್ಲಿ ಆ ಕಾಲೇಜು ಕಟ್ಟಿದ ಹ್ಯಾರಿ ಬಕ್ ಓದಿದ್ದು ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ.

1892ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಶುರುವಾದಾಗ ಅದರ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಯೇಲ್‌ನಲ್ಲಿ ತಮ್ಮ ಶಿಷ್ಯನಾಗಿದ್ದ ಸ್ಟ್ಯಾಗ್‌ರನ್ನು ಕರೆಸಿಕೊಂಡರು. ಬರೀ ಕೋಚ್ ಕೆಲಸಕ್ಕಲ್ಲ, ಬೇರೆ ಪ್ರಾಧ್ಯಾಪಕರ ಸಾಲಿನಲ್ಲೇ ಕೂರುವ ಕಾಯಂ ಹುದ್ದೆಗೆ. ನನ್ನ ಪ್ರಕಾರ ಇದು ಆ ಕಾಲದ ಅತಿ ದೊಡ್ಡ ನಿರ್ಧಾರ. ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡುವ ಊರಿನವರಾದ ನಮಗೆ ಅದರ ಬೆಲೆ ಇನ್ನೂ ಗೊತ್ತಾಗಿಲ್ಲ.

ಷಿಕಾಗೊದಲ್ಲಿ ನಲವತ್ತೊಂದು ಸೀಸನ್ ಫುಟ್‌ಬಾಲ್. 1893ರಿಂದ 1913ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಬೇಸ್‌ಬಾಲ್ ಕೂಡ ಅವರದೇ ಉಸ್ತುವಾರಿ. ಹಾಗಂತ ಎಲ್ಲ ಸೊಗಸಾಗಿತ್ತು ಅಂತ ನಾನು ಹೇಳಲ್ಲ. ಗೆಲುವು, ಟಿಕೆಟ್ ದುಡ್ಡು, ದೊಡ್ಡ ಕ್ರೀಡಾಂಗಣ ಎಲ್ಲ ಒಂದನ್ನೊಂದು ಎಳೆದುಕೊಂಡು ಬೆಳೆದವು. ಕಾಲೇಜು ಆಟವನ್ನು ವ್ಯಾಪಾರ ಮಾಡಿದವರಲ್ಲಿ ಈ ಶೀಲವಂತ ಮನುಷ್ಯನೂ ಒಬ್ಬರು. ಮೇಷ್ಟ್ರ ಕುರ್ಚಿ ಕೊಟ್ಟಿದ್ದು ಸರಿ, ಅದರ ಪಕ್ಕದಲ್ಲೇ ಗಲ್ಲಾಪೆಟ್ಟಿಗೆ ಇಟ್ಟಿದ್ದು ತಪ್ಪು.

1924ರ ನಂತರ ಷಿಕಾಗೊ ಬಿಗ್ ಟೆನ್ (ತಮ್ಮತಮ್ಮಲ್ಲೇ ಪಂದ್ಯ ಆಡೋ ವಿಶ್ವವಿದ್ಯಾಲಯಗಳ ಕೂಟ) ಪಟ್ಟ ಗೆಲ್ಲಲೇ ಇಲ್ಲ. 1929ರಲ್ಲಿ ಬಂದ ಯುವ ಅಧ್ಯಕ್ಷ ರಾಬರ್ಟ್ ಹಚಿನ್ಸ್‌ಗೆ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. ಎಪ್ಪತ್ತಕ್ಕೆ ನಿವೃತ್ತಿ ಅನ್ನೋ ನಿಯಮ ಕೈಯಲ್ಲಿತ್ತು, ಸ್ಟ್ಯಾಗ್‌ಗೆ 1932ರ ಸೀಸನ್ನೇ ಕೊನೆಯಾಯಿತು. 1939ರಲ್ಲಿ ಹಚಿನ್ಸ್ ಆಟವನ್ನೇ ನಿಲ್ಲಿಸಿದರು. 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ತಂಡ ಪ್ರಪಂಚದ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಸಿದ್ದು ಖಾಲಿ ಬಿದ್ದಿದ್ದ, ಇವರದೇ ಹೆಸರಿನ ಕ್ರೀಡಾಂಗಣ ಸ್ಟ್ಯಾಗ್ ಫೀಲ್ಡ್‌ನ ಗ್ಯಾಲರಿ ಕೆಳಗೆ!

ಇಷ್ಟಕ್ಕೇ ಮುಗಿದಿದ್ದರೆ ಇದೊಬ್ಬ ಯಶಸ್ವಿ ಕೋಚ್‌ನ ಕಥೆ, ಅಷ್ಟೇ. ಆದರೆ ಎಪ್ಪತ್ತರ ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಹೊರಟರು, ಸ್ಟಾಕ್ಟನ್ ಊರಿನ ಕಾಲೇಜ್ ಆಫ್ ದ ಪೆಸಿಫಿಕ್ ಅನ್ನೋ ಸಣ್ಣ ಕಾಲೇಜಿಗೆ. 1943ರಲ್ಲಿ, 81ನೇ ವಯಸ್ಸಿನಲ್ಲಿ, ವರ್ಷದ ಕೋಚ್ ಪ್ರಶಸ್ತಿ ಬಂತು. ಯುದ್ಧದ ಕಾಲ, ತರಬೇತಿಗೆ ಬಂದ ನೌಕಾಪಡೆ ಹುಡುಗರು ತಂಡಕ್ಕೆ ಸಿಕ್ಕಿದ್ದರು ಅನ್ನೋದನ್ನೂ ಹೇಳಬೇಕು. ಆದರೂ 81!

1946ಕ್ಕೆ ಅಲ್ಲೂ ಮುಗೀತು. ಆಗ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿ ಕೋಚ್ ಆಗಿದ್ದ ಸ್ವಂತ ಮಗನ ಜೊತೆ 1952ರವರೆಗೆ ದುಡಿದರು. ಆಮೇಲೆ ಸ್ಟಾಕ್ಟನ್‌ಗೆ ವಾಪಸ್ಸಾಗಿ ಜೂನಿಯರ್ ಕಾಲೇಜಿನ ಹುಡುಗರಿಗೆ ಚೆಂಡು ಒದೆಯೋದು ಹೇಳಿಕೊಟ್ಟರು, ತೊಂಬತ್ತೈದು ದಾಟುವವರೆಗೂ. ಅಷ್ಟು ಹೊತ್ತಿಗಾಗಲೇ, 1951ರಲ್ಲಿ, ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ (ಆಟದ ಮಹಾನ್ ಸಾಧಕರ ಗೌರವಪಟ್ಟಿ) ಆಟಗಾರನಾಗಿಯೂ ಕೋಚ್ ಆಗಿಯೂ ಸೇರಿಯಾಗಿತ್ತು. ಅಂಥವರು ಮಗನ ತಂಡದಲ್ಲಿ, ಆಮೇಲೆ ಬರೀ ಕಿಕ್ಕಿಂಗ್ ಕೋಚ್ ಆಗಿ! ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದ ಈ ವರ್ಷಗಳೇ ನನಗೆ ಅವರ ವೃತ್ತಿಯ ತಿರುಳು. ನಮ್ಮಲ್ಲಿ ಹುದ್ದೆ ಒಂದು ಮೆಟ್ಟಿಲು ಕೆಳಗಿಳಿದರೆ ಕೋರ್ಟಿಗೆ ಹೋಗ್ತೀವಿ. ಗೆಲುವಿಗಾಗಿ, ಹೆಸರಿಗಾಗಿ ಮಾತ್ರ ಮಾಡಿದವರು 1932ಕ್ಕೇ ಆತ್ಮಕಥೆ ಹೇಳಿಕೊಂಡು ಕೂತಿರುತ್ತಿದ್ದರು. ಅವರು 1965ರಲ್ಲಿ ತೀರಿಕೊಂಡಾಗ ವಯಸ್ಸು 102.

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೂರನೇ ಡಿವಿಜನ್ ಅಂದರೆ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡದ ಕಾಲೇಜುಗಳ ಕೂಟ. ಅದರ ಫೈನಲ್‌ಗೆ ಹೆಸರು ಸ್ಟ್ಯಾಗ್ ಬೌಲ್. ಕೋಟಿಗಟ್ಟಲೆ ಡಾಲರ್ ಓಡಾಡುವ ದೊಡ್ಡ ಫೈನಲ್‌ಗಿಂತ ಇದಕ್ಕೇ ಆ ಹೆಸರು ಒಪ್ಪುತ್ತೆ. ಅಂದಹಾಗೆ, 1969ರಲ್ಲಿ ಫುಟ್‌ಬಾಲ್ ಮತ್ತೆ ಶುರು ಮಾಡಿದ ಷಿಕಾಗೊ ವಿಶ್ವವಿದ್ಯಾಲಯ ಈಗ ಆಡೋದೂ ಅದೇ ಮೂರನೇ ಡಿವಿಜನ್‌ನಲ್ಲಿ.